ಮಂಗಳೂರಿನಿಂದ ಬೀದರ್‌ಗೆ ಎಷ್ಟು ತಾಸು? ವಿಮಾನದ ಲೆಕ್ಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕೇಂದ್ರದ ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಮತ್ತು ನಮ್ಮ ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಗೆ,

ಮಾನ್ಯರೇ,

ಎಳ್ಳಮಾವಾಸ್ಯೆಗೆ ಇನ್ನೂ ಒಂದು ತಿಂಗಳು ಇರುವಾಗಲೇ ಅವ್ವ ಫೋನ್ ಮಾಡುತ್ತಾಳೆ. "ತಮ್ಮಾ, ಈ ಸಲ ಎಷ್ಟು ತಾಸಿನಾಗ ಬರ್ತಿ?" ಅಂತ ಕೇಳುತ್ತಾಳೆ. ಬರ್ತೀಯೋ ಇಲ್ಲವೋ ಅಂತ ಕೇಳುವುದಿಲ್ಲ, ಬಂದೇ ಬರ್ತೀನಿ ಅಂತ ಗೊತ್ತು. ಎಷ್ಟು ತಾಸು ಅನ್ನುವುದೇ ಪ್ರಶ್ನೆ. ನಾನು ಮಂಗಳೂರಿಗೆ ಬಂದು ಹನ್ನೆರಡು ವರ್ಷ ಆಯಿತು. ಒಂದು ಸಲ 18 ಅಂದೆ, ಒಂದು ಸಲ 21 ಅಂದೆ, ಇನ್ನೊಂದು ಸಲ 12 ಅಂದೆ. ಊರು ಅದೇ, ಮನೆ ಅದೇ. "ನೀ ಮಂಗಳೂರಾಗೇ ಇದ್ದಿಯೋ, ಮತ್ತ ಎಲ್ಲಿಗರೆ ಹೋಗಿದಿಯೋ?" ಅಂತ ಅವ್ವ ತಮಾಷೆ ಮಾಡುತ್ತಾಳೆ.

ನಮ್ಮ ಹಳ್ಳಿ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿದೆ. ಕರ್ನಾಟಕದ ನಕ್ಷೆಯಲ್ಲಿ ತುತ್ತತುದಿ. ನಾನು ಇರುವುದು ನಕ್ಷೆಯ ಕೆಳಗಿನ ಎಡಮೂಲೆಯಲ್ಲಿ, ಕಡಲ ಹತ್ತಿರ. ಎರಡೂ ಕಡೆ ವಿಮಾನ ನಿಲ್ದಾಣ ಇದೆ. ಮಂಗಳೂರಿನದು 1951ರಿಂದ ಇದೆ, ಬೀದರ್‌ನಲ್ಲಿ ನಾಗರಿಕ ವಿಮಾನ ಹಾರಿದ್ದು 2020ರ ಫೆಬ್ರುವರಿ 7ರಿಂದ. ಈ ಎರಡರ ನಡುವಿನ ದೂರದ ಬಗ್ಗೆಯೇ ಈ ಪತ್ರ. ನೇರ ವಿಮಾನ ಕೊಡಿ ಅಂತ ಕೇಳುವ ಪತ್ರ ಇದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥ ಮನವಿ ನಿಮ್ಮ ಮೇಜಿನ ಮೇಲೆ ಸಾಕಷ್ಟು ಬಿದ್ದಿರುತ್ತವೆ.

ಆಫೀಸಿನ ಗೋಡೆ ಮೇಲೆ ಕರ್ನಾಟಕದ ಒಂದು ನಕ್ಷೆ ಇದೆ. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಾಗ, ಕ್ಯಾಲೆಂಡರಿಗೆ ಕಟ್ಟಿದ್ದ ದಾರ ಬಿಚ್ಚಿ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಬೀದರ್‌ವರೆಗೆ ಎಳೆದು ನೋಡಿದೆ. ಆಮೇಲೆ ದಾರದ ಲೆಕ್ಕ ನಂಬದೆ ಅಕ್ಷಾಂಶ ರೇಖಾಂಶ ಹಾಕಿ ಸರಿಯಾಗಿ ಲೆಕ್ಕ ಮಾಡಿದೆ. ಆಕಾಶದ ದಾರಿಯಲ್ಲಿ ಸುಮಾರು 615 ಕಿಲೋಮೀಟರ್. ಸಣ್ಣ ಊರುಗಳ ನಡುವೆ ಓಡುವ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಏರುವುದು ಇಳಿಯುವುದು ಸೇರಿಸಿದರೂ ಒಂದೂವರೆ ತಾಸು, ಹೆಚ್ಚೆಂದರೆ ಇನ್ನೊಂದು ಹತ್ತು ಹದಿನೈದು ನಿಮಿಷ.

ಹಾಗೇ ದಾರವನ್ನು ಸ್ವಲ್ಪ ಬಲಕ್ಕೆ ಸರಿಸಿ ಹೈದರಾಬಾದಿನ ವಿಮಾನ ನಿಲ್ದಾಣ ಇರುವ ಶಂಶಾಬಾದ್‌ಗೆ ಇಟ್ಟೆ. ಸುಮಾರು 605 ಕಿ.ಮೀ. ಬಂತು. ಇನ್ನೊಮ್ಮೆ ಲೆಕ್ಕ ಮಾಡಿದೆ. ಅದೇ ಬಂತು. ಮಂಗಳೂರಿನಿಂದ ಬೀದರ್ ಎಷ್ಟು ದೂರವೋ ಹೈದರಾಬಾದ್ ಕೂಡ ಹೆಚ್ಚು ಕಡಿಮೆ ಅಷ್ಟೇ ದೂರ. ಮಂಗಳೂರಿನಿಂದ ಹೈದರಾಬಾದಿಗೆ ನೇರ ವಿಮಾನ ಇದೆ. ಹತ್ತಿದರೆ ಒಂದೂವರೆ ತಾಸಿನ ಆಸುಪಾಸಿನಲ್ಲಿ ಇಳಿಸುತ್ತದೆ. ಅಷ್ಟೇ ದೂರದ ಬೀದರ್‌ಗೆ ನನಗೆ ಬೇಕಾದದ್ದು ಒಮ್ಮೆ 21 ತಾಸು.

ಆ 21 ತಾಸು ಹೇಗೆ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕಡತಗಳಲ್ಲಿ ಈ ತಾಸುಗಳು ಎಲ್ಲೂ ಕಾಣುವುದಿಲ್ಲ.

ಅದು 2022ರ ಎಳ್ಳಮಾವಾಸ್ಯೆ. ಆಗ ಬೆಂಗಳೂರಿನಿಂದ ಬೀದರ್‌ಗೆ ವಿಮಾನ ಓಡುತ್ತಿತ್ತು, ಆದರೆ ವಾರದ ಎಲ್ಲಾ ದಿನ ಅಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ದಿನಾ ಬೇಕಾದಷ್ಟು ವಿಮಾನ ಇವೆ. ಆದರೆ ಎರಡೂ ಬೇರೆ ಬೇರೆ ಕಂಪನಿ, ಬೇರೆ ಬೇರೆ ಟಿಕೆಟ್. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಆ ಟಿಕೆಟ್ಟಿನ ದುಡ್ಡೂ ಹೋಯಿತು, ಹಬ್ಬವೂ ಹೋಯಿತು. ಮುಂದಿನ ಬೀದರ್ ವಿಮಾನ ನಾಳೆಗೆ ಇರಬೇಕು ಅಂತೇನೂ ಇಲ್ಲ, ನಾಡಿದ್ದೂ ಆಗಬಹುದು. ಅದಕ್ಕೇ ಹಿಂದಿನ ಸಂಜೆಯ ವಿಮಾನ ಮಾಡಿದೆ. ಸಂಜೆ 5ಕ್ಕೆ ರೂಮಿಗೆ ಬೀಗ ಹಾಕಿದೆ. ರಾತ್ರಿ ಬೆಂಗಳೂರು ನಿಲ್ದಾಣದ ಕಬ್ಬಿಣದ ಕುರ್ಚಿಯಲ್ಲಿ, ಚೀಲಕ್ಕೆ ಕಾಲು ಕೊಟ್ಟು, ಬೆಳಗಾಗುವವರೆಗೆ ಕಾಲ ಕಳೆದೆ. ಮರುದಿನ ಬೀದರ್‌ನಲ್ಲಿ ಇಳಿದು, ಆಟೋ ಹಿಡಿದು, ಭಾಲ್ಕಿ ಬಸ್ ಹಿಡಿದು, ಹಳ್ಳಿ ಮುಟ್ಟಿದಾಗ ಮಧ್ಯಾಹ್ನ 2 ಗಂಟೆ. ಎರಡು ವಿಮಾನದ ಟಿಕೆಟ್ಟಿನಲ್ಲಿ ಬರೆದ ಹೊತ್ತು ಕೂಡಿಸಿದರೆ ಎರಡೂವರೆ ತಾಸಿನೊಳಗೆ. ಉಳಿದ ಹದಿನೆಂಟೂವರೆ ತಾಸು ನೆಲದ ಮೇಲೇ ಇದ್ದೆ.

ಬಸ್ಸಿನಲ್ಲಿ ಬಂದಿದ್ದರೂ ಅಷ್ಟೇ ಆಗುತ್ತಿತ್ತು. ರಸ್ತೆಯಲ್ಲಿ ಎಂಟುನೂರು ಕಿಲೋಮೀಟರ್ ಹತ್ತಿರ. ಕಲಬುರಗಿಯಲ್ಲಿ ಬಸ್ ಬದಲಿಸಿ ನಾನು ಎಷ್ಟೋ ಸಲ ಹೋಗಿದ್ದೇನೆ, ಹದಿನೆಂಟು ಹತ್ತೊಂಬತ್ತು ತಾಸು. ವಿಜಯಪುರದಿಂದ ಹಾಸನದ ಮೇಲೆ ಮಂಗಳೂರಿಗೆ ಒಂದು ರೈಲು ಇದೆ. ಆ ರೈಲು ಮಧ್ಯಾಹ್ನ ಬಿಟ್ಟರೆ ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ, ಆದರೆ ವಿಜಯಪುರ ಮುಟ್ಟುವುದೇ ನಮಗೆ ಅರ್ಧ ದಿನದ ಕೆಲಸ. ರೈಲಿನ ಕಥೆ ಇಲ್ಲಿ ಬೇಡ, ಅದಕ್ಕೆ ಬೇರೆ ಮಂತ್ರಿ ಇದ್ದಾರೆ.

ಈಗ ದೂರದ ಲೆಕ್ಕಕ್ಕೆ ಬರೋಣ. ಬೆಂಗಳೂರಿಗೆ ಸುತ್ತು ಹಾಕುವುದರಿಂದ ಹೀಗಾಯಿತು ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮಂಗಳೂರು-ಬೆಂಗಳೂರು ಸುಮಾರು 305 ಕಿ.ಮೀ., ಬೆಂಗಳೂರು-ಬೀದರ್ ಸುಮಾರು 520. ಕೂಡಿಸಿದರೆ 825. ನೇರ ದಾರಿಗಿಂತ 210 ಕಿ.ಮೀ. ಜಾಸ್ತಿ. ಎಟಿಆರ್ ವಿಮಾನಕ್ಕೆ ಅದು 25 ನಿಮಿಷದ ಮಾತು. ಅಂದರೆ ಸುತ್ತು ಬಳಸಿದ್ದರಿಂದ ನಾನು ಕಳೆದುಕೊಂಡದ್ದು 25 ನಿಮಿಷ, ಇನ್ನೊಮ್ಮೆ ಏರಿಳಿಯುವ ಹೊತ್ತು ಸೇರಿಸಿದರೆ ಮುಕ್ಕಾಲು ತಾಸು. ಮಿಕ್ಕಿದ್ದೆಲ್ಲಾ ಒಂದು ವಿಮಾನಕ್ಕೂ ಇನ್ನೊಂದು ವಿಮಾನಕ್ಕೂ ಪರಿಚಯವೇ ಇಲ್ಲದ್ದರಿಂದ ಹೋದದ್ದು.

ವಿಮಾನದವರ ಲೆಕ್ಕದಲ್ಲಿ ಪ್ರಯಾಣದ ಹೊತ್ತು ಅಂದರೆ, ಚಕ್ರಕ್ಕೆ ಇಟ್ಟ ಅಡೆ ತೆಗೆದಾಗಿನಿಂದ ಇಳಿದ ಮೇಲೆ ಮತ್ತೆ ಅಡೆ ಇಡುವವರೆಗೆ. ಅದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಪೈಲಟ್‌ಗೆ, ಇಂಧನದ ಲೆಕ್ಕಕ್ಕೆ, ವೇಳಾಪಟ್ಟಿಗೆ ಅದು ಸರಿ. ಆದರೆ ಹೊಸ ಮಾರ್ಗ ಉದ್ಘಾಟನೆ ಆದಾಗ ಮೈಕಿನಲ್ಲಿ ಕೂಗುವುದೂ ಅದನ್ನೇ ಅಲ್ವಾ? "ಇನ್ನು ಬೀದರ್‌ನಿಂದ ರಾಜಧಾನಿಗೆ ಒಂದೇ ಗಂಟೆ!" ನಮ್ಮೂರಲ್ಲಿ ಆ ದಿನ ಪಟಾಕಿ ಹೊಡೆದಿದ್ದರು. ತಪ್ಪೇನಿಲ್ಲ, ಹೊಡೆಯಲೇಬೇಕಿತ್ತು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ. ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ವಿಮಾನ ತಂಡ ಇರುವುದು ಅಲ್ಲೇ. ನಾವು ಸಣ್ಣವರಿದ್ದಾಗಿನಿಂದ ತೊಗರಿ ಹೊಲದಲ್ಲಿ ನಿಂತು ಕತ್ತು ನೋಯುವವರೆಗೆ ವಿಮಾನ ನೋಡಿದವರು. ತಲೆ ಮೇಲೆ ಅಷ್ಟೊಂದು ವಿಮಾನ, ಹತ್ತಲಿಕ್ಕೆ ಮಾತ್ರ ಒಂದೂ ಇಲ್ಲ.

ಯಾಕೆ ಇರಲಿಲ್ಲ ಅನ್ನುವುದೂ ದೂರದ ಕಥೆಯೇ. ಹೈದರಾಬಾದಿನ ಹೊಸ ನಿಲ್ದಾಣಕ್ಕೆ ಖಾಸಗಿಯವರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಆಕಾಶಮಾರ್ಗದಲ್ಲಿ 150 ಕಿ.ಮೀ. ಒಳಗೆ ಇನ್ನೊಂದು ನಾಗರಿಕ ನಿಲ್ದಾಣ ಬರಬಾರದು ಅಂತ. ಬೀದರ್‌ನಿಂದ ಶಂಶಾಬಾದ್‌ಗೆ ನೇರ ಗೆರೆ ಎಳೆದರೆ ಸುಮಾರು 125 ಕಿ.ಮೀ. ಹಾಗಾಗಿ ಬೀದರ್‌ನಲ್ಲಿ ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಬೆಂಗಳೂರಿನ ಒಪ್ಪಂದದಲ್ಲೂ ಅಂಥದ್ದೇ 150 ಕಿ.ಮೀ. ಷರತ್ತು ಇದೆ, ಅದು 2033ರವರೆಗೆ. ಗೆರೆ ಆಕಾಶದಲ್ಲಿ ಎಳೆದರು, ಬೀದರ್‌ನವರು ಮಾತ್ರ ನೆಲದ ಮೇಲೆ ಜಹೀರಾಬಾದ್ ದಾಟಿ ರಸ್ತೆಯಲ್ಲಿ ನೂರೈವತ್ತು ಕಿಲೋಮೀಟರ್ ಹತ್ತಿರ ಹೋಗಿ ವಿಮಾನ ಹತ್ತಿದರು. ನಿಮ್ಮ ಇಲಾಖೆಗಳಿಗೆ ದೂರ ಅಳೆಯಲು ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಚೆನ್ನಾಗೇ ಬರುತ್ತದೆ. ಕಂಪನಿಗೆ ನಷ್ಟ ಆಗಬಾರದು ಅಂದಾಗ ಕಿಲೋಮೀಟರ್ ಲೆಕ್ಕ ಪಕ್ಕಾ ಹಾಕುತ್ತೀರಿ. ಅದೇ ಅಳತೆಪಟ್ಟಿಯನ್ನು ಪ್ರಯಾಣಿಕನ ಕಡೆಯಿಂದಲೂ ಒಮ್ಮೆ ಹಿಡಿಯಿರಿ ಅನ್ನುತ್ತೇನೆ.

ಕೊನೆಗೆ, ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕಂಪನಿಗಳಿಗೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಆ ಬಾಗಿಲು ತೆರೆಯಿತು. 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, ಮರು ತಿಂಗಳೇ ಕೊರೊನಾ ಲಾಕ್‌ಡೌನ್ ಬಂತು. ಮೊದಲು ಬಂದ ಕಂಪನಿ ಕೈಬಿಟ್ಟಿತು. 2022ರಲ್ಲಿ ಇನ್ನೊಂದು ಬಂತು. 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು, ಮತ್ತೆ ಹಾರ ಹಾಕಿದರು. ನಾನು 2022ರಲ್ಲಿ ಹೋಗಿ ಬಂದು "ಮುಂದಿನ ವರ್ಷಾನೂ ವಿಮಾನಕ್ಕೇ ಬರ್ತೀನಿ" ಅಂತ ಅವ್ವನಿಗೆ ಹೇಳಿದ್ದೆ. ಮುಂದಿನ ಎಳ್ಳಮಾವಾಸ್ಯೆಗೆ ನೋಡಿದರೆ ವಿಮಾನವೇ ಇಲ್ಲ.

ನಮ್ಮೂರೊಂದರ ಕಥೆ ಅಲ್ಲ ಇದು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿಯನ್ನು ನೀವು ಓದಿಯೇ ಇರುತ್ತೀರಿ. ಉಡಾನ್‌ನ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ ಶುರುವಾದದ್ದೇ 371. ಮೂರು ವರ್ಷದ ಸಹಾಯಧನದ ಅವಧಿ ಪೂರೈಸಿದ್ದು 112. ಆ ಅವಧಿ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ ಉಳಿದುಕೊಂಡಿದ್ದು 54. ದುಡ್ಡು ನಿಂತ ದಿನ ವಿಮಾನ ನಿಲ್ಲುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಲೆಕ್ಕ ಬೇಕಾ? ಕಂಪನಿಗಳನ್ನು ಬೈದು ಪ್ರಯೋಜನ ಇಲ್ಲ. ಅರ್ಧ ಖಾಲಿ ವಿಮಾನ ಎಷ್ಟು ದಿನ ಓಡಿಸುತ್ತಾರೆ? ಆದರೆ ಅರ್ಧ ಖಾಲಿ ಯಾಕೆ ಇರುತ್ತದೆ ಅಂತ ಕೇಳಬೇಕು. ನನ್ನ ಅನುಭವದಲ್ಲಿ, ಬೀದರ್‌ನಿಂದ ಹೊರಟವರಿಗೆಲ್ಲಾ ಬೆಂಗಳೂರೇ ಕೊನೆ ನಿಲ್ದಾಣ ಅಂತ ನೀವು ಹಿಡಿದುಕೊಂಡಿದ್ದೀರಿ. ಹಾಗೇನಿಲ್ಲ. ಬೆಂಗಳೂರು ನಮಗೆ ಅರ್ಧ ದಾರಿ.

ಬೀದರ್‌ನವರಿಗೆ ಮಂಗಳೂರಲ್ಲಿ ಏನು ಕೆಲಸ ಅಂತ ಕೇಳುವವರಿದ್ದಾರೆ. ಬಜ್ಪೆಯ ಆಟೋದವರೊಬ್ಬರು "ಬೀದರಾ? ಅದು ಮಹಾರಾಷ್ಟ್ರದಲ್ಲಿ ಅಲ್ವಾ ಮಾರಾಯ್ರೆ?" ಅಂತ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಬೀದರ್‌ನಲ್ಲಿ. ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ, 1969ರಿಂದ. ಮೀನು ಇರುವ ಕಡೆ ಕಾಲೇಜು ಇರಲೇಬೇಕು, ಅದು ಸರಿ. ಆದರೆ ಕಾಲೇಜು ಕಡಲ ತೀರದಲ್ಲಿ, ಅದರ ಕಚೇರಿ ಕಡಲೇ ಕಾಣದ ನಮ್ಮ ಕೆಂಪು ಮಣ್ಣಿನಲ್ಲಿ. ಒಂದೇ ವಿಶ್ವವಿದ್ಯಾಲಯದ ಎರಡು ಕೊನೆ ಹಿಡಿದು ರಾಜ್ಯವನ್ನೇ ಅಳೆಯಬಹುದು. ಒಂದು ಸಲ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಬೀದರ್‌ನಲ್ಲಿ ಅರ್ಧ ದಿನದ ಮೀಟಿಂಗಿಗೆ ಹೊರಟಿದ್ದರು. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. "ಮೀಟಿಂಗಿನಲ್ಲಿ ನಾನು ಏನು ಹೇಳ್ತೇನೆ ಅಂತ ನನಗೇ ಗೊತ್ತಿರೋದಿಲ್ಲ, ಅಷ್ಟು ನಿದ್ದೆ" ಅಂದರು.

ಆಮೇಲೆ ಬ್ಯಾಂಕಿನವರು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ಕರಾವಳಿಯ ಎಷ್ಟು ಜನ ನಮ್ಮ ಕಡೆಯ ಶಾಖೆಗಳಲ್ಲಿ ಕೆಲಸ ಮಾಡಿ ಹೋಗಿದ್ದಾರೋ. ಮಂಗಳೂರು, ಮಣಿಪಾಲದ ಆಸ್ಪತ್ರೆಗೆ ಬರುವವರು, ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಬೇರೆ. ಇನ್ನೊಂದು ಮಾತು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಮಂಗಳೂರಿನಲ್ಲಿ ಎದ್ದು ನಿಂತ ಫ್ಲಾಟುಗಳ ಸ್ಲ್ಯಾಬ್ ಹಾಕಿದವರಲ್ಲಿ ನಮ್ಮ ಕಡೆಯವರು ಬಹಳ. ಅವರು ವಿಮಾನ ಹತ್ತುವುದಿಲ್ಲ. ಅವರಿಗೆ ಬೇಕಾದದ್ದು ನೆಟ್ಟಗಿರುವ ಒಂದು ರಾತ್ರಿ ಬಸ್ಸು, ಕೂರಲು ಒಂದು ಸೀಟು. ಈ ಪತ್ರ ಅವರ ಹೆಸರು ಹೇಳಿಕೊಂಡು ವಿಮಾನ ಕೇಳುವುದಿಲ್ಲ.

ನನ್ನ ಪಕ್ಕದ ಮೇಜಿನ ಗೆಳೆಯ ಬಂಟ್ವಾಳದವನು. ಅವನ ಅಣ್ಣ ದುಬೈಯಲ್ಲಿದ್ದಾನೆ. ಮಂಗಳೂರಿನಿಂದ ದುಬೈಗೆ 2006ರಿಂದ ನೇರ ವಿಮಾನ ಶುರುವಾಗಿದೆ. ದೂರ ಎರಡೂವರೆ ಸಾವಿರ ಕಿ.ಮೀ. ಹತ್ತಿರ, ಹೊತ್ತು ಹೆಚ್ಚೆಂದರೆ ನಾಲ್ಕು ತಾಸು. "ಅಲ್ಲ ಮಾರಾಯಾ, ನೀನು ಊರು ಮುಟ್ಟುವಾಗ ನನ್ನ ಅಣ್ಣ ದುಬೈಯಿಂದ ಬಂದು, ಊಟ ಮಾಡಿ, ಮಲಗಿ, ವಾಪಸ್ ಹೋಗಬಹುದು" ಅನ್ನುತ್ತಾನೆ. ನಗುತ್ತೇನೆ. ಲೆಕ್ಕ ಹಾಕಿದರೆ ಅವನ ಮಾತು ಸರಿಯಾಗೇ ಇದೆ.

ವಾಪಸ್ ಬರುವ ದಿನದ್ದು ಇನ್ನೊಂದು ಸಂಗತಿ. ಎಳ್ಳಮಾವಾಸ್ಯೆ ಅಂದರೆ ನಮ್ಮಲ್ಲಿ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ, ಕಡಬು ಉಣ್ಣುವ ಹಬ್ಬ. ಮರುದಿನ ಹೊರಡುವಾಗ ಅವ್ವ ಐವತ್ತು ಖಡಕ್ ಜೋಳದ ರೊಟ್ಟಿ ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಜೊತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಬೀದರ್‌ನಲ್ಲಿ ತಪಾಸಣೆಯವರು ಗಂಟು ಬಿಚ್ಚಿ ನೋಡಿ, "ಇಷ್ಟೂ ರೊಟ್ಟೀನೇ ಏನ್ರಿ?" ಅಂದು ನಕ್ಕು ಬಿಟ್ಟರು. ಹಿಂಡಿಯಲ್ಲಿ ಖಾರದ ಪುಡಿ ಇದೆ ಅಂತ ಅದು ದೊಡ್ಡ ಚೀಲದ ಜೊತೆ ವಿಮಾನದ ಹೊಟ್ಟೆಗೆ ಹೋಯಿತು. ರೊಟ್ಟಿ ಮಾತ್ರ ನನ್ನ ತೊಡೆ ಮೇಲೆ. ಬೆಂಗಳೂರಿನಲ್ಲಿ ಎರಡು ಟಿಕೆಟ್ ಆದದ್ದರಿಂದ ಬೆಲ್ಟಿನ ಹತ್ತಿರ ಕಾದು ಚೀಲ ಎತ್ತಿಕೊಳ್ಳಬೇಕು, ಹೊರಗೆ ಬರಬೇಕು, ಮತ್ತೆ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬೇಕು, ಮತ್ತೆ ಸಾಲು, ಮತ್ತೆ ಚೀಲ ಕೊಡಬೇಕು, ಮತ್ತೆ ತಪಾಸಣೆ. ರೊಟ್ಟಿ ಗಂಟು ಎರಡನೇ ಸಲ ಟ್ರೇಯಲ್ಲಿ ಹೋಯಿತು. ಹಿಂದೆ ಬಂದ ಯಾರದೋ ಭಾರದ ಲ್ಯಾಪ್‌ಟಾಪ್ ಚೀಲ ಜೋರಾಗಿ ಬಂದು ಅದಕ್ಕೆ ಗುದ್ದಿತು. ಸದ್ದು ಕೇಳಿತು. ಖಡಕ್ ರೊಟ್ಟಿ ಮುರಿಯುವ ಸದ್ದು ನಮ್ಮ ಕಡೆಯವರಿಗೆ ಗೊತ್ತು, ಬೇರೆ ಯಾವುದಕ್ಕೂ ಹೋಲುವುದಿಲ್ಲ. ರಾತ್ರಿ ಮಂಗಳೂರಿನಲ್ಲಿ ಬಿಚ್ಚಿದಾಗ ಇಡಿಯಾಗಿ ಉಳಿದದ್ದು ಹನ್ನೊಂದು. ಉಳಿದ ಚೂರನ್ನು ಮರುದಿನ ಆಫೀಸಿನಲ್ಲಿ ಮೊಸರಿಗೆ ಹಾಕಿಕೊಂಡು ಎಲ್ಲರೂ ತಿಂದೆವು. ರುಚಿಗೆ ಏನೂ ಕಮ್ಮಿ ಆಗಿರಲಿಲ್ಲ ಬಿಡಿ.

ಇದನ್ನೆಲ್ಲಾ ಸುಮ್ನೆ ಬರೆಯಲಿಲ್ಲ. ಒಂದೇ ಟಿಕೆಟ್ ಆಗಿದ್ದರೆ ಏನಾಗುತ್ತಿತ್ತು ನೋಡಿ. ಚೀಲ ಬೀದರ್‌ನಲ್ಲಿ ಕೊಟ್ಟರೆ ಮಂಗಳೂರಿನಲ್ಲಿ ಸಿಗುತ್ತಿತ್ತು. ನಾನು ಹೊರಗೆ ಬಂದು ಒಳಗೆ ಹೋಗಬೇಕಿರಲಿಲ್ಲ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವುದು ಕಂಪನಿಯ ಕೆಲಸ ಆಗುತ್ತಿತ್ತು. ಅಷ್ಟೇ ಅಲ್ಲ, ನಿಲ್ದಾಣದ ಬಳಕೆದಾರರ ಶುಲ್ಕವೂ ಬೀಳುತ್ತಿರಲಿಲ್ಲ. 24 ಗಂಟೆಯೊಳಗೆ ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗುವವರಿಗೆ ಆ ಶುಲ್ಕ ಇಲ್ಲ ಅಂತ ನಿಯಮವೇ ಇದೆ. ಟಿಕೆಟ್ ಎರಡಾದರೆ ಮಾತ್ರ, ಅದೇ ಮನುಷ್ಯ ಅದೇ ದಿನ ಅದೇ ದಾರಿಯಲ್ಲಿ ಹೋದರೂ ಅವನು ಹೊಸ ಪ್ರಯಾಣಿಕ. ಸಣ್ಣ ಊರಿನವರಿಗೆ ಎರಡು ಟಿಕೆಟ್ ಬಿಟ್ಟು ಬೇರೆ ದಾರಿ ಇಲ್ಲ, ಹಾಗಾಗಿ ಶುಲ್ಕ ಬೀಳುವುದೂ ಅವರಿಗೇ.

ಉಡಾನ್‌ನ ಸಹಾಯವೂ ಹೀಗೇ ಅರ್ಧ ದಾರಿಗೆ ನಿಲ್ಲುತ್ತದೆ. ಯೋಜನೆ ಶುರುವಾದಾಗ ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಅಂತ ಅರ್ಧದಷ್ಟು ಸೀಟಿಗೆ ಮಿತಿ ಹಾಕಿದಿರಿ. ಚೆನ್ನಾಗಿತ್ತು. ಆದರೆ ನಾನು ಹೋದಾಗ ಬೀದರ್-ಬೆಂಗಳೂರು ಉಡಾನ್ ಆಗಿತ್ತು, ಬೆಂಗಳೂರು-ಮಂಗಳೂರು ಉಡಾನ್ ಆಗಿರಲಿಲ್ಲ. ಹಬ್ಬದ ದಿನಗಳಲ್ಲಿ ಎರಡನೇ ತುಂಡಿನ ದರ ನೋಡಿದರೆ ಮೊದಲನೆಯದರಲ್ಲಿ ಉಳಿಸಿದ್ದು ಎಲ್ಲಿ ಹೋಯಿತು ಅಂತ ಹುಡುಕಬೇಕು.

ಹಾಗಾದರೆ ಈಗ ಹೇಗೆ ಹೋಗುತ್ತೀರಿ ಅಂತ ಕೇಳಿದರೆ, ತೆಲಂಗಾಣದ ಮೇಲೆ ಹೋಗುತ್ತೇನೆ. ಅವ್ವನಿಗೆ 12 ತಾಸು ಅಂದದ್ದು ಅದೇ ದಾರಿ. ಬಜ್ಪೆಯಲ್ಲಿ ಹತ್ತಿ ಶಂಶಾಬಾದ್‌ನಲ್ಲಿ ಇಳಿಯುತ್ತೇನೆ. ಅಲ್ಲಿಂದ ಹೈದರಾಬಾದ್ ಊರೊಳಗೆ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಅಲ್ಲಿ ನಮ್ಮ ಬೀದರ್ ಬಸ್ ನಿಂತಿರುತ್ತದೆ. ಅದರ ಹಣೆ ಮೇಲೆ ಕನ್ನಡದಲ್ಲಿ ಬರೆದ ಊರಿನ ಹೆಸರು ಕಂಡರೆ ಅರ್ಧ ದಣಿವು ಹೋಗುತ್ತದೆ. ಕಂಡಕ್ಟರ್ "ಕೂಡ್ರಿ ಕೂಡ್ರಿ, ಬಿಡ್ತೀವಿ" ಅನ್ನುತ್ತಾರೆ, ಬಿಡಲು ಇನ್ನೂ ಅರ್ಧ ತಾಸು. ಕರ್ನಾಟಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇಗ ಹೋಗಲು ಕರ್ನಾಟಕ ಬಿಟ್ಟು ಹೋಗಬೇಕು. ರಾಜ್ಯ ಇಲಾಖೆಯವರು ಈ ಒಂದು ಸಾಲನ್ನು ದಯವಿಟ್ಟು ಎರಡು ಸಲ ಓದಿ.

ಈಗ ನನ್ನ ಬೇಡಿಕೆ. ಎಲ್ಲಕ್ಕಿಂತ ಮೊದಲು ನಾನು ಕೇಳುವುದು ಒಂದೇ ಟಿಕೆಟ್. ಸರ್ಕಾರದ ದುಡ್ಡು ಪಡೆಯುವ ಯಾವ ಪ್ರಾದೇಶಿಕ ಮಾರ್ಗವೇ ಆಗಲಿ, ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಕನಿಷ್ಠ ಒಂದು ದೊಡ್ಡ ಕಂಪನಿಯ ಜೊತೆ ಟಿಕೆಟ್ ಮತ್ತು ಚೀಲದ ಒಪ್ಪಂದ ಮಾಡಿಕೊಂಡಿರಬೇಕು ಅಂತ ಷರತ್ತು ಹಾಕಿ. 150 ಕಿ.ಮೀ. ಷರತ್ತು ಹಾಕಲು ಬಂದಿತ್ತಲ್ಲ, ಇದೂ ಬರುತ್ತದೆ. ಬೆಂಗಳೂರಿನಲ್ಲಿ ಈಗ ಎರಡು ಟರ್ಮಿನಲ್ ಬೇರೆ ಆಗಿವೆ. 2023ರ ಜನವರಿ 15ರಂದು ಎರಡನೇ ಟರ್ಮಿನಲ್‌ನಿಂದ ಮೊದಲು ಹಾರಿದ್ದು ಕಲಬುರಗಿಯ ವಿಮಾನ. ಅಂಥ ಚೆಂದದ ಟರ್ಮಿನಲ್‌ನಿಂದ ಮೊದಲು ಹೊರಟದ್ದು ನಮ್ಮ ಕಡೆಗೆ ಅಂತ ಖುಷಿಪಟ್ಟಿದ್ದೆ. ಆದರೆ ಒಂದು ವಿಮಾನ ಒಂದು ಟರ್ಮಿನಲ್, ಇನ್ನೊಂದು ಇನ್ನೊಂದರಲ್ಲಿ ಆದರೆ ಚೀಲ ಹೊತ್ತು ಬಸ್ಸು ಹಿಡಿಯುವವರು ನಾವು.

ಇನ್ನೊಂದು ದಾರಿ ಇದೆ, ಇದು ನನಗೆ ಬಸ್ಸಿನಲ್ಲಿ ಹೊಳೆದದ್ದು. ಒಂದೇ ಬಸ್ಸು ಊರೂರಲ್ಲಿ ನಿಂತು ಮುಂದೆ ಹೋಗುತ್ತದೆ. ದೊಡ್ಡ ಊರು ಬಂದಾಗ ಕಂಡಕ್ಟರ್ "ಮುಂದಿಂದವ್ರು ಇಳೀಬ್ಯಾಡ್ರಿ, ಹತ್ತು ಮಿನಿಟ್ ನಿಲ್ತದ" ಅನ್ನುತ್ತಾರೆ. ವಿಮಾನವೂ ಹಾಗೆ ಹೋಗಬಹುದಲ್ಲ. ಬೀದರ್‌ನಿಂದ ಬೆಂಗಳೂರಿಗೆ ಬಂದ ಅದೇ ವಿಮಾನ, ಅದೇ ನಂಬರಿನಲ್ಲಿ, ವಾರಕ್ಕೆ ಎರಡೇ ದಿನ ಮಂಗಳೂರಿಗೆ ಮುಂದುವರಿಯಲಿ. ಬೆಂಗಳೂರಿನವರು ಇಳಿಯುತ್ತಾರೆ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಹತ್ತುತ್ತಾರೆ, ಆ ಸೀಟುಗಳು ತುಂಬುವುದು ಕಷ್ಟ ಅಲ್ಲ. ನಾವು ನಾಲ್ಕೋ ಹತ್ತೋ ಜನ ಕೂತಲ್ಲೇ ಕೂತಿರುತ್ತೇವೆ. ನೇರ ವಿಮಾನಕ್ಕೆ ದಿನಾ ಎಪ್ಪತ್ತು ಜನ ಬೇಕು, ಅಷ್ಟು ಜನ ಇಲ್ಲ ಅಂತ ನನಗೂ ಗೊತ್ತು. ಇದಕ್ಕೆ ಅಷ್ಟು ಬೇಡ. ಅರ್ಧ ತಾಸು ನಿಂತರೂ ಬಜ್ಪೆಯಿಂದ ಬೀದರ್‌ಗೆ ಮೂರೂವರೆ ತಾಸು ದಾಟುವುದಿಲ್ಲ.

ಇದೂ ಆಗದಿದ್ದರೆ ಒಂದು ಬಸ್ಸಾದರೂ ಕೊಡಿ. ಬೆಂಗಳೂರು ನಿಲ್ದಾಣದ ಬಾಗಿಲಿಂದಲೇ ಮೈಸೂರಿಗೆ ಫ್ಲೈಬಸ್ ಹೋಗುತ್ತದೆ. ಅಂಥದ್ದೇ ಒಂದು ಶಂಶಾಬಾದ್‌ನಿಂದ ಜಹೀರಾಬಾದ್ ಮೇಲೆ ಬೀದರ್‌ಗೆ, ಮಂಗಳೂರಿನಿಂದ ಮತ್ತು ಬೇರೆ ಕಡೆಗಳಿಂದ ಬರುವ ವಿಮಾನದ ಹೊತ್ತಿಗೆ ಹೊಂದಿಸಿ ಓಡಲಿ. ನಾನು ಇಳಿದಾಗ ಅಂಥ ಬಸ್ಸು ನನಗೆ ಒಮ್ಮೆಯೂ ಸಿಕ್ಕಿಲ್ಲ. ಇಮ್ಲಿಬನ್‌ಗೆ ಹೋಗಿ ವಾಪಸ್ ಊರು ದಾಟುವ ಎರಡು ತಾಸು ಅಲ್ಲೇ ಉಳಿಯುತ್ತದೆ. ಇದಕ್ಕೆ ರನ್‌ವೇ ಬೇಡ, ಟರ್ಮಿನಲ್ ಬೇಡ, ದೆಹಲಿಯ ಸಹಿಯೂ ಬೇಡ.

ಹೊಸ ಉಡಾನ್ ಬರುತ್ತದೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದೀರಿ. ಹತ್ತು ವರ್ಷದಲ್ಲಿ 120 ಹೊಸ ಊರು, 4 ಕೋಟಿ ಪ್ರಯಾಣಿಕರು. ಆ ಊರುಗಳ ಪಟ್ಟಿ ಮಾಡುವಾಗ ಪ್ರತಿ ಊರಿನ ಮುಂದೆ ಒಂದು ಅಂಕಣ ಜಾಸ್ತಿ ಹಾಕಿ. ಆ ಊರಿನಿಂದ ರಾಜ್ಯದ ಇನ್ನೊಂದು ತುದಿಗೆ, ಮನೆ ಬಾಗಿಲಿಂದ ಮನೆ ಬಾಗಿಲಿಗೆ, ಎಷ್ಟು ತಾಸು. ವಿಮಾನ ಬರುವ ಮುಂಚೆ ಎಷ್ಟಿತ್ತು, ಬಂದ ಮೇಲೆ ಎಷ್ಟು. ಬೀದರ್‌ನ ಸಾಲು ತುಂಬಲು ಬೇರೆ ಯಾರೂ ಸಿಗದಿದ್ದರೆ ನನ್ನನ್ನು ಕೇಳಿ, ಟಿಕೆಟ್ಟುಗಳು ಇನ್ನೂ ಇಟ್ಟಿದ್ದೇನೆ.

ಚಳಿಗಾಲದ ವಿಮಾನ ವೇಳಾಪಟ್ಟಿ ಅಕ್ಟೋಬರ್ ಕೊನೆಯ ಭಾನುವಾರದಿಂದ ಶುರುವಾಗುತ್ತದೆ. ಅವ್ವನ ಫೋನ್ ಬರುವುದು ಅದಾದ ಮೇಲೆ. ಅಷ್ಟರೊಳಗೆ ನಿಮ್ಮಿಂದ ಒಂದು ಉತ್ತರ ಬಂದರೆ ಅವಳಿಗೆ ಒಂದು ಸಂಖ್ಯೆ ಹೇಳುತ್ತೇನೆ. ಬರದಿದ್ದರೆ ಹೋದ ವರ್ಷದ್ದೇ ಹೇಳುತ್ತೇನೆ, ಮತ್ತು ರೊಟ್ಟಿ ಸ್ವಲ್ಪ ಮೆತ್ತಗೆ ಮಾಡು ಅನ್ನುತ್ತೇನೆ.

ಇಂತಿ,
ಭಾಲ್ಕಿ ತಾಲ್ಲೂಕಿನವನು, ಸದ್ಯ ಮಂಗಳೂರಿನಲ್ಲಿ ಇರುವವನು